ಸಿಮೆಂಟಿನಲ್ಲಿ ಕಟ್ಟಿದ ವಿಕಿರಣ ತ್ಯಾಜ್ಯ ಎಷ್ಟು ಕಾಲ ತಾಳುತ್ತದೆ? ಹಾಸನದ ಒಂದು ಕಾಂಕ್ರೀಟ್ ಲ್ಯಾಬಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹಾಸನದಲ್ಲಿ ಕಾಂಕ್ರೀಟ್ ಪರೀಕ್ಷೆ ಮಾಡುವವನು. ಕ್ಯೂಬ್, ಅಂದರೆ ಕಾಂಕ್ರೀಟಿನ ಚೌಕ ಅಚ್ಚು, ಮಷಿನ್ನಿನಲ್ಲಿ ಒತ್ತಿ ಒಡೆದು ಬಲ ನೋಡುವುದೇ ಹೊಟ್ಟೆಪಾಡು. ಎರಡು ವರ್ಷದ ಹಿಂದೆ ನಾಲ್ಕು ಜನ ಇಂಜಿನಿಯರಿಂಗ್ ಹುಡುಗರು ಕೊನೆ ವರ್ಷದ ಪ್ರಾಜೆಕ್ಟಿಗೆ ಈ ವಿಷಯ ಹಿಡಿದುಕೊಂಡು ಬಂದರು. ಅವತ್ತಿನಿಂದ ಶುರುವಾದ ಪ್ರಶ್ನೆಗಳು ಇನ್ನೂ ನಿಂತಿಲ್ಲ. ಕೇಳಿದವರಲ್ಲಿ ವಿದ್ಯಾರ್ಥಿಗಳಿದ್ದಾರೆ, ಮೇಸ್ತ್ರಿಗಳಿದ್ದಾರೆ, ಹುಡುಗರ ಅಪ್ಪ-ಅಮ್ಮ ಇದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲು ಇದು ಹೇಳಿ ಸಾರ್. ಹಾಸನಕ್ಕೆ ಅಣು ತ್ಯಾಜ್ಯ ತಂದಿದ್ದೀರಾ?

ಇಲ್ಲ. ಒಂದು ಚಮಚವೂ ತಂದಿಲ್ಲ. ತರುವುದಕ್ಕೆ ಕಾನೂನೂ ಬಿಡುವುದಿಲ್ಲ. ನಾವು ಬಳಸಿದ್ದು ವಿಕಿರಣವೇ ಇಲ್ಲದ ಸಾಮಾನ್ಯ ಸೀಸಿಯಂ, ಸ್ಟ್ರಾನ್ಷಿಯಂ ಲವಣಗಳು. ಕೆಮಿಕಲ್ ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುತ್ತವೆ.

ಒಬ್ಬ ಹುಡುಗನ ತಂದೆ ಸಕಲೇಶಪುರದಿಂದ ಫೋನ್ ಮಾಡಿ, "ಮಗನ ಕೈಯಲ್ಲಿ ಅದೇನೋ ಮುಟ್ಟಿಸ್ತಿದ್ದೀರಂತೆ" ಎಂದು ಗದರಿದ್ದರು. ಆಮೇಲೆ ಅವರೇ ಲ್ಯಾಬಿಗೆ ಬಂದು, ಬಕೆಟ್ಟಿನಲ್ಲಿ ನೇತಾಡುತ್ತಿದ್ದ ಸಿಮೆಂಟಿನ ಉಂಡೆಗಳನ್ನು ನೋಡಿ, "ಇಷ್ಟೇನಾ?" ಎಂದು ಸ್ವಲ್ಪ ಬೇಜಾರಿನಲ್ಲೇ ವಾಪಸ್ಸು ಹೋದರು.

ವಿಕಿರಣವೇ ಇಲ್ಲದ ವಸ್ತುವಿನಿಂದ ವಿಕಿರಣ ತ್ಯಾಜ್ಯದ ಬಗ್ಗೆ ಏನು ಗೊತ್ತಾಗುತ್ತದೆ?

ಸುಮಾರೆಲ್ಲಾ ಗೊತ್ತಾಗುತ್ತದೆ. ಸಿಮೆಂಟಿನೊಳಗಿನ ನೀರಿಗೆ ವಿಕಿರಣ ಇಲ್ಲದ ಸೀಸಿಯಂ-133 ಯಾವುದು, ವಿಕಿರಣ ಸೂಸುವ ಸೀಸಿಯಂ-137 ಯಾವುದು ಎಂಬ ಭೇದ ಇಲ್ಲ. ಎರಡೂ ಒಂದೇ ಧಾತು. ಒಂದೇ ಥರ ಕರಗುತ್ತವೆ, ಒಂದೇ ವೇಗದಲ್ಲಿ ಹೊರಗೆ ಬರುತ್ತವೆ. ವಿಕಿರಣ ಇದ್ದರೆ ಅಳೆಯುವುದು ಸುಲಭ, ಅಷ್ಟೇ. ಇಲ್ಲದಿದ್ದರೆ ನೀರಿನಲ್ಲಿ ಎಷ್ಟು ಸೀಸಿಯಂ ಇದೆ ಎಂದು ರಾಸಾಯನಿಕವಾಗಿ ಅಳೆಯಬೇಕು. ನಿಜವಾದ ತ್ಯಾಜ್ಯದ ಮೇಲಿನ ಪರೀಕ್ಷೆ ಲೈಸೆನ್ಸ್ ಇರುವ ಅಣುಶಕ್ತಿ ಲ್ಯಾಬುಗಳಲ್ಲೇ ನಡೆಯುತ್ತದೆ, ನಡೆಯಬೇಕು ಕೂಡ.

ಎಲ್ಲಾ ಅಣು ತ್ಯಾಜ್ಯವನ್ನೂ ಸಿಮೆಂಟಿಗೆ ಹಾಕುತ್ತಾರಾ?

ಹಾಗೇನಿಲ್ಲ. ಬಳಸಿದ ಇಂಧನವನ್ನು ಸಂಸ್ಕರಿಸಿದಾಗ ಉಳಿಯುವ, ಅತಿ ಹೆಚ್ಚು ವಿಕಿರಣದ ದ್ರವವನ್ನು ಗಾಜಿನಲ್ಲಿ ಕರಗಿಸಿ ಗಟ್ಟಿ ಮಾಡುತ್ತಾರೆ. ನಮ್ಮ ದೇಶದಲ್ಲಿ ಆ ಕೆಲಸದ ಘಟಕಗಳು ತಾರಾಪುರ, ಟ್ರಾಂಬೆ, ಕಲ್ಪಾಕ್ಕಂನಲ್ಲಿವೆ. ಸಿಮೆಂಟಿಗೆ ಬರುವುದು ಕಡಿಮೆ ಮತ್ತು ಮಧ್ಯಮ ಮಟ್ಟದ್ದು. ಸ್ಥಾವರದ ನೀರು ಶುದ್ಧ ಮಾಡಿದ ರೆಸಿನ್ ಎಂಬ ಸಣ್ಣ ಪ್ಲಾಸ್ಟಿಕ್ ಮಣಿಗಳು, ಆವಿ ಮಾಡಿ ಉಳಿದ ಉಪ್ಪಿನ ಗಸಿ, ಫಿಲ್ಟರಿನ ಕೆಸರು, ಇಂಥವು. ಗಾತ್ರ ಜಾಸ್ತಿ, ತೀಕ್ಷ್ಣತೆ ಕಡಿಮೆ.

ಸಿಮೆಂಟ್ ಅಗ್ಗ. ಕಾಯಿಸಬೇಕಿಲ್ಲ. ನೀರಿರುವ ತ್ಯಾಜ್ಯವನ್ನೂ ನೇರವಾಗಿ ಕಲಸಬಹುದು. ಇನ್ನೊಂದು ದೊಡ್ಡ ಗುಣ ಅದರ ಕ್ಷಾರ. ಸಿಮೆಂಟಿನ ರಂಧ್ರದ ನೀರಿನ ಪಿಎಚ್ 12.5ಕ್ಕಿಂತ ಮೇಲಿರುತ್ತದೆ. ಕೋಬಾಲ್ಟ್, ಪ್ಲುಟೋನಿಯಂನಂಥವು ಆ ಕ್ಷಾರದಲ್ಲಿ ಕರಗದೆ ಅಲ್ಲೇ ಕೂತುಬಿಡುತ್ತವೆ.

ಕರ್ನಾಟಕದಲ್ಲಿ ಇದು ಎಲ್ಲಿದೆ? ಕೋಲಾರದ ಗಣಿಯಲ್ಲಿ ಹೂಳುತ್ತಾರೆ ಅಂತ ಕೇಳಿದ್ದೆ.

ಉತ್ತರ ಕನ್ನಡದ ಕೈಗಾದಲ್ಲಿ ತಲಾ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ. ನಮ್ಮ ದೇಶದ ಪದ್ಧತಿಯಂತೆ ಅಲ್ಲಿನ ಕಡಿಮೆ ಮತ್ತು ಮಧ್ಯಮ ಮಟ್ಟದ ಘನ ತ್ಯಾಜ್ಯ ಅದೇ ಆವರಣದಲ್ಲಿ ಉಳಿಯುತ್ತದೆ. ಇದಕ್ಕೆ ಕಲ್ಲು ಕಟ್ಟಿದ ಕಂದಕ, ಆರ್‌ಸಿಸಿ ಕಂದಕ, ಟೈಲ್ ಹೋಲ್ ಎಂಬ ಕೊಳವೆಯಾಕಾರದ ಗುಂಡಿ ಎಂದು ಮೂರು ಬಗೆಯ ಏರ್ಪಾಡು ಇರುತ್ತದೆ. ವಿಕಿರಣ ಜಾಸ್ತಿ ಆದಷ್ಟೂ ಕಟ್ಟಡ ಬಿಗಿ.

ಕೋಲಾರದ ಗಣಿಯಲ್ಲಿ ನಡೆದದ್ದು ಹೂಳುವುದಲ್ಲ, 1980ರ ದಶಕದಲ್ಲಿ ಸುಮಾರು 1000 ಮೀಟರ್ ಆಳದಲ್ಲಿ ಒಂದು ಪ್ರಯೋಗ. ತ್ಯಾಜ್ಯದ ಬದಲು ಬಂಡೆಗೆ ಹೀಟರ್ ಇಟ್ಟು, ಬಿಸಿಗೆ ಕಲ್ಲು ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡಿದರು. 2012ರಲ್ಲಿ ಅಲ್ಲಿ ತ್ಯಾಜ್ಯ ತಂದು ಹಾಕುತ್ತಾರೆ ಎಂಬ ಸುದ್ದಿಗೆ ದೊಡ್ಡ ಪ್ರತಿಭಟನೆಯೇ ಆಯಿತು. ಹಾಸನ, ಚಿಕ್ಕಮಗಳೂರಿನಲ್ಲಿ ಅಣು ಸ್ಥಾವರ ಇಲ್ಲ. ನಮ್ಮೂರಿನ ಇಸ್ರೋ ಕೇಂದ್ರ ಉಪಗ್ರಹ ನೋಡಿಕೊಳ್ಳುವುದು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಇದನ್ನೂ ಕೇಳುತ್ತಾರೆ, ಅದಕ್ಕೇ ಹೇಳಿದೆ.

28 ದಿನದ ಕ್ಯೂಬ್ ಸ್ಟ್ರೆಂತ್ ಚೆನ್ನಾಗಿ ಬಂದರೆ ಸಾಕಲ್ವಾ?

ನನ್ನನ್ನು ಅತಿ ಹೆಚ್ಚು ಕೇಳಿದ ಪ್ರಶ್ನೆ ಇದು. ಒಂದು ಕಾಲಕ್ಕೆ ನಾನೂ ಇದನ್ನೇ ಕೇಳುತ್ತಿದ್ದೆ.

ನಡೆದದ್ದು ಹೇಳುತ್ತೇನೆ. ಹುಡುಗರಿಗೆ ಸ್ಥಾವರದ ರೆಸಿನ್ ಸಿಗುವುದಿಲ್ಲ. ಆದರೆ ಹಾಸನದ ಬೋರ್‌ವೆಲ್ ನೀರಿನ ಗಡಸುತನ ಗೊತ್ತಲ್ಲ, ಮನೆಮನೆಯಲ್ಲೂ ಸಾಫ್ಟ್‌ನರ್ ಇದೆ. ಅದರೊಳಗಿನ ಸಣ್ಣ ಕಂದು ಮಣಿಗಳೂ ಅದೇ ಜಾತಿಯ ರೆಸಿನ್. ಎರಡು ಕೆಜಿ ತಂದು ಒಣಗಿಸಿ ಸಿಮೆಂಟಿಗೆ ಕಲಸಿದರು. ಒಂದೇ ಉಂಡೆಯಲ್ಲಿ ಜಾಸ್ತಿ ತ್ಯಾಜ್ಯ ಹಿಡಿಸಬೇಕು ಎಂಬ ಆಸೆಗೆ ಧಾರಾಳವಾಗಿಯೇ ಸುರಿದರು. ಮೋಲ್ಡಿನಲ್ಲಿ ಚೆಂದ ಕೂತಿತು. ನೀರಿಗೆ ಹಾಕದೆ ಪ್ಲಾಸ್ಟಿಕ್ ಸುತ್ತಿ 28 ದಿನ ಇಟ್ಟೆವು. ಮಷಿನ್ನಿಗೆ ಕೊಟ್ಟರೆ ಒಳ್ಳೆಯ ಬಲ ಬಂತು. ನಾನೇ ಬೆನ್ನು ತಟ್ಟಿದೆ.

ಉಳಿದ ಮೂರು ಉಂಡೆ ನೀರಿಗೆ ಇಳಿಸಿದೆವು. ಎರಡನೇ ದಿನ ಕೂದಲೆಳೆಯಂಥ ಬಿರುಕು. ನಾಲ್ಕನೇ ದಿನ ಬಿರುಕಿಗೆ ಉಗುರು ಹೋಗುತ್ತಿತ್ತು. ವಾರ ಆಗುವಷ್ಟರಲ್ಲಿ ಒಂದು ಉಂಡೆ ನೆನೆದ ಬೆಲ್ಲದಚ್ಚಿನ ಹಾಗೆ ಕುಸಿದು ಬಕೆಟ್ಟಿನ ತಳ ಸೇರಿತು. ಒಣ ರೆಸಿನ್ ನೀರು ಕುಡಿದರೆ ಕಡಲೆಕಾಳು ನೆನೆಸಿದ ಹಾಗೆ ಉಬ್ಬುತ್ತದೆ. ಸಿಮೆಂಟು ಒತ್ತಡ ತಡೆಯುತ್ತದೆ, ಒಳಗಿನಿಂದ ಎಳೆದರೆ ತಡೆಯುವುದಿಲ್ಲ.

ಕ್ಯೂಬ್ ಮಷಿನ್ ಹೇಳುವುದು ಮನೆ ಕಟ್ಟುವವನ ಪ್ರಶ್ನೆಗೆ ಉತ್ತರ: ಮೇಲಿನ ಭಾರ ಹೊರುತ್ತದಾ? ತ್ಯಾಜ್ಯದ ಉಂಡೆ ಮನೆ ಹೊರಬೇಕಿಲ್ಲ. ಅದು ಮಾಡಬೇಕಾದ್ದು ಒಂದೇ ಕೆಲಸ, ಒಳಗಿರುವುದನ್ನು ನೀರಿಗೆ ಬಿಡದೆ ಹಿಡಿದುಕೊಳ್ಳುವುದು. ಬಣ್ಣ ಬಿಡುವ ಸೀರೆ ಎಷ್ಟು ಗಟ್ಟಿ ನೂಲಿನದಾದರೇನು, ಅಲ್ವಾ?

ಹಾಗಾದರೆ ಬಲದ ಪರೀಕ್ಷೆ ಬೇಡವೇ ಬೇಡವಾ?

ಬೇಕು, ಆದರೆ ಅದರ ಜಾಗದಲ್ಲಿ. ಅಮೆರಿಕದ ಅಣು ನಿಯಂತ್ರಣ ಆಯೋಗ 1991ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಸಿಮೆಂಟಿನ ಉಂಡೆಗೆ ಕೇಳುವುದು 500 ಪಿಎಸ್‌ಐ, ಅಂದರೆ ಸುಮಾರು 3.45 ಮೆಗಾಪ್ಯಾಸ್ಕಲ್. ನಿಮ್ಮ ಮನೆಯ ತಾರಸಿಗೆ ಹಾಕುವ ಎಂ-20 ಕಾಂಕ್ರೀಟಿನ ಬಲ 20 ಮೆಗಾಪ್ಯಾಸ್ಕಲ್. ಅದರ ಐದನೇ ಒಂದು ಪಾಲೂ ಇಲ್ಲ! ಮೇಸ್ತ್ರಿಗಳಿಗೆ ಇದು ಹೇಳಿದರೆ ನಗುತ್ತಾರೆ.

ಸ್ವಾರಸ್ಯ ಇರುವುದು ಬೇರೆ ಕಡೆ. ನೀರಿನಲ್ಲಿ ಕನಿಷ್ಠ 90 ದಿನ ಮುಳುಗಿಸಿದ ಮೇಲೆ, ವಿಕಿರಣ ಕೊಟ್ಟ ಮೇಲೆ, ಬಿಸಿ-ತಂಪು ಮಾಡಿದ ಮೇಲೆ ಮತ್ತೆ ಬಲ ನೋಡುತ್ತಾರೆ. ಮೊದಲಿನ ಅಂಕಿಗಿಂತ ಆಮೇಲಿನ ಅಂಕಿ ಮುಖ್ಯ. ನಮ್ಮ ರೆಸಿನ್ ಉಂಡೆ ಬಿದ್ದಿದ್ದು ಇಲ್ಲೇ.

ನೀರಿಗೆ ಬಿಡುವುದನ್ನು ಅಳೆಯುವುದು ಹೇಗೆ?

ಇದಕ್ಕೆ ಲೀಚಿಂಗ್ ಪರೀಕ್ಷೆ ಎನ್ನುತ್ತಾರೆ. ಕಾಫಿ ಸೀಮೆಯವರಿಗೆ ಇದನ್ನು ವಿವರಿಸುವುದು ಸುಲಭ. ಫಿಲ್ಟರಿಗೆ ಪುಡಿ ಹಾಕಿ ಬಿಸಿನೀರು ಹೊಯ್ದರೆ ಮೊದಲ ಡಿಕಾಕ್ಷನ್ ಮಂದ. ಅದೇ ಪುಡಿಗೆ ಎರಡನೇ ಸಲ ನೀರು ಹಾಕಿದರೆ ತೆಳು. ಮೂರನೇ ಸಲ ಬಂದದ್ದನ್ನು ನೆಂಟರಿಗೆ ಕೊಡುವ ಹಾಗಿಲ್ಲ. ಸಿಮೆಂಟಿನ ಉಂಡೆಯೂ ಹಾಗೇ. ಮೇಲ್ಮೈಯಲ್ಲಿ ಇದ್ದದ್ದು ಬೇಗ ಹೋಗುತ್ತದೆ, ಒಳಗಿನದು ನಿಧಾನವಾಗಿ ದಾರಿ ಹುಡುಕಿಕೊಂಡು ಬರುತ್ತದೆ.

ಹೆಚ್ಚು ಬಳಕೆಯಲ್ಲಿರುವ ವಿಧಾನ ಅಮೆರಿಕದ ಎಎನ್‌ಎಸ್ 16.1. ಉಂಡೆಯನ್ನು ನೈಲಾನ್ ದಾರದಲ್ಲಿ ಕಟ್ಟಿ, ಎಲ್ಲಾ ಬದಿಗೂ ನೀರು ತಾಗುವ ಹಾಗೆ ಶುದ್ಧ ನೀರಿನಲ್ಲಿ ತೂಗುಬಿಡಬೇಕು. ಉಂಡೆಯ ಮೇಲ್ಮೈ ಎಷ್ಟು ಚದರ ಸೆಂಟಿಮೀಟರ್ ಇದೆಯೋ ಅದರ ಹತ್ತು ಪಟ್ಟು ಮಿಲಿಲೀಟರ್ ನೀರು. ನಮ್ಮದು 5 ಸೆಂಟಿಮೀಟರ್ ಅಗಲ, 5 ಸೆಂಟಿಮೀಟರ್ ಎತ್ತರದ ಸಿಲಿಂಡರ್. ಮೇಲ್ಮೈ ಸುಮಾರು 118 ಚದರ ಸೆಂಟಿಮೀಟರ್, ಹಾಗಾಗಿ ನೀರು 1.2 ಲೀಟರ್ ಹತ್ತಿರ.

ಆಮೇಲೆ ನೀರು ಬದಲಿಸುವ ಕೆಲಸ. ಮೊದಲು ಮುಳುಗಿಸಿ 2 ಗಂಟೆ, 7 ಗಂಟೆ, 24 ಗಂಟೆ ಆದಾಗ. ಆಮೇಲೆ ಐದನೇ ದಿನದ ತನಕ ದಿನಕ್ಕೊಮ್ಮೆ. ಆಮೇಲೆ 19, 47, 90ನೇ ದಿನ. ಪ್ರತಿ ಸಲ ತೆಗೆದ ನೀರಿನಲ್ಲಿ ಸೀಸಿಯಂ ಎಷ್ಟಿದೆ ಎಂದು ಅಳೆಯುವುದು. ಶುರುವಿನಲ್ಲಿ ಪದೇ ಪದೇ, ಆಮೇಲೆ ಅಪರೂಪಕ್ಕೆ. ಬಿಡುವ ವೇಗ ಮೊದಲೇ ಜಾಸ್ತಿ ಇರುವುದರಿಂದ ಹೀಗೆ. ಬೆಳಗ್ಗೆ ಒಂಬತ್ತಕ್ಕೆ ಶುರು ಮಾಡಿದರೆ ಸಂಜೆ ನಾಲ್ಕಕ್ಕೆ ಯಾರಾದರೂ ಇರಲೇಬೇಕು. ಹುಡುಗರು ಮೊದಲ ಸಲ ಮಧ್ಯಾಹ್ನ ಶುರು ಮಾಡಿ, 7 ಗಂಟೆಯ ನೀರು ಬದಲಿಸಲು ರಾತ್ರಿ ಗೇಟ್ ಹತ್ತಿ ಬಂದಿದ್ದರು.

'ಲೀಚಬಿಲಿಟಿ ಇಂಡೆಕ್ಸ್' ಅಂದರೇನು?

ವಸ್ತು ಉಂಡೆಯೊಳಗೆ ಎಷ್ಟು ವೇಗವಾಗಿ ಹರಡುತ್ತದೆ ಎಂಬ ಅಂಕಿಯನ್ನು ಓದಲು ಸುಲಭವಾಗುವ ಹಾಗೆ ಬರೆಯುವ ರೀತಿ. ಹರಡುವ ಅಂಕಿ ಸೆಕೆಂಡಿಗೆ 10ರ ಮೈನಸ್ 9ನೇ ಘಾತ ಚದರ ಸೆಂಟಿಮೀಟರ್ ಇದ್ದರೆ ಇಂಡೆಕ್ಸ್ 9. ಮೈನಸ್ 6 ಇದ್ದರೆ 6. ಜಾಸ್ತಿ ಇದ್ದಷ್ಟೂ ಒಳ್ಳೆಯದು. ಅಮೆರಿಕದ ಮಾರ್ಗಸೂಚಿ ಕೇಳುವುದು 6ಕ್ಕಿಂತ ಮೇಲೆ.

ನನ್ನ ಅಭಿಪ್ರಾಯ ಕೇಳಿದರೆ 6 ತೀರಾ ಸಡಿಲ. 6 ಅಂಕದ ನಮ್ಮ 5 ಸೆಂಟಿಮೀಟರ್ ಉಂಡೆ 90 ದಿನದಲ್ಲಿ ಹೆಚ್ಚು ಕಡಿಮೆ ಖಾಲಿಯಾಗುತ್ತದೆ. 9 ಇದ್ದರೆ ಸುಮಾರು ಶೇ 12 ಹೋಗುತ್ತದೆ. ಇನ್ನೊಂದು ಮಾತು: ಇಂಡೆಕ್ಸ್ ಒಂದು ಏರಿದರೆ ಹರಡುವ ಅಂಕಿ ಹತ್ತು ಪಟ್ಟು ಇಳಿಯುತ್ತದೆ, ಹೊರಬರುವ ಪ್ರಮಾಣ ಮಾತ್ರ ಮೂರು ಪಟ್ಟು ಚಿಲ್ಲರೆ ಇಳಿಯುತ್ತದೆ. ಇದು ಗೊತ್ತಿಲ್ಲದೆ ರಿಪೋರ್ಟಿನಲ್ಲಿ "ಹತ್ತು ಪಟ್ಟು ಸುರಕ್ಷಿತ" ಎಂದು ಬರೆದವರನ್ನು ನೋಡಿದ್ದೇನೆ.

90 ದಿನ ನೋಡಿ 300 ವರ್ಷದ ಮಾತು ಹೇಗೆ ಹೇಳುತ್ತೀರಿ? ಇದು ಜಾತಕ ಓದಿದ ಹಾಗಲ್ವಾ?

ನ್ಯಾಯವಾದ ಅನುಮಾನ. 300 ಎಲ್ಲಿಂದ ಬಂತು ಎಂದು ಮೊದಲು ನೋಡೋಣ. ಸೀಸಿಯಂ-137ರ ಅರ್ಧಾಯುಷ್ಯ, ಅಂದರೆ ಅದು ಅರ್ಧಕ್ಕೆ ಇಳಿಯಲು ಬೇಕಾದ ಕಾಲ, ಸುಮಾರು 30 ವರ್ಷ, ಸ್ಟ್ರಾನ್ಷಿಯಂ-90ರದ್ದು 29ರ ಹತ್ತಿರ. 300 ವರ್ಷ ಅಂದರೆ ಹತ್ತು ಅರ್ಧಾಯುಷ್ಯ. ಹತ್ತು ಸಲ ಅರ್ಧ ಮಾಡಿದರೆ ಸಾವಿರದಲ್ಲಿ ಒಂದು ಪಾಲು ಉಳಿಯುತ್ತದೆ. ಕೋಬಾಲ್ಟ್-60ಕ್ಕೆ ಐದು ವರ್ಷ ಚಿಲ್ಲರೆ ಮಾತ್ರ, ಅದು ಎಷ್ಟೋ ಮೊದಲೇ ಮುಗಿದಿರುತ್ತದೆ.

ಈಗ ಲೆಕ್ಕ. 300 ವರ್ಷ ಅಂದರೆ 90 ದಿನದ ಸುಮಾರು 1200 ಪಟ್ಟು. ಆದರೆ ಹರಡಿ ಹೊರಬರುವ ವಸ್ತು ಕಾಲದ ವರ್ಗಮೂಲದ ಲೆಕ್ಕದಲ್ಲಿ ಏರುತ್ತದೆ. 1200ರ ವರ್ಗಮೂಲ ಸುಮಾರು 35. ಅಂದರೆ ಕಾಲ 1200 ಪಟ್ಟಾದರೂ ಸೋರಿಕೆ 35 ಪಟ್ಟು. ಜೊತೆಗೆ ನಿಜವಾದ ಉಂಡೆ ದೊಡ್ಡದು. 200 ಲೀಟರ್ ಡ್ರಮ್ಮಿನಲ್ಲಿ ಗಾತ್ರಕ್ಕೆ ಹೋಲಿಸಿದರೆ ಮೇಲ್ಮೈ ನಮ್ಮ ಸಣ್ಣ ಉಂಡೆಗಿಂತ ಸುಮಾರು 13 ಪಟ್ಟು ಕಡಿಮೆ. ಇಂಡೆಕ್ಸ್ 9 ಇರುವ ಉಂಡೆ 90 ದಿನದಲ್ಲಿ ಶೇ 12 ಬಿಟ್ಟರೆ, ಡ್ರಮ್ಮು 300 ವರ್ಷದಲ್ಲಿ ಶೇ 32ರ ಆಸುಪಾಸು ಬಿಡುತ್ತದೆ. ಅದೂ ಡ್ರಮ್ಮಿನ ತಗಡು ಇಲ್ಲ, ಸುತ್ತ ಕಂದಕ ಇಲ್ಲ, ಸದಾ ಹೊಸ ನೀರಿನಲ್ಲಿ ಮುಳುಗಿದೆ, ಸೀಸಿಯಂ ಕ್ಷಯಿಸುವುದೇ ಇಲ್ಲ ಎಂದುಕೊಂಡರೆ. ಕ್ಷಯ ಸೇರಿಸಿದರೆ ವಿಕಿರಣದ ಲೆಕ್ಕ ಇನ್ನೂ ಬಹಳ ಇಳಿಯುತ್ತದೆ. ಇದು ಒರಟು ಲೆಕ್ಕ, ಆದರೆ ದಿಕ್ಕು ಸರಿ.

ಈ ಲೆಕ್ಕ ನಿಂತಿರುವುದು ಒಂದೇ ನಂಬಿಕೆಯ ಮೇಲೆ: 300 ವರ್ಷವೂ ಉಂಡೆ ಉಂಡೆಯಾಗಿಯೇ ಇರುತ್ತದೆ. ಬಿರುಕು ಬಿಟ್ಟರೆ ಹೊಸ ಮೇಲ್ಮೈ, ಹೊಸ ಲೆಕ್ಕ. ಕಾಫಿ ಬೀಜವನ್ನು ಇಡಿಯಾಗಿ ನೀರಿಗೆ ಹಾಕುವುದಕ್ಕೂ ಪುಡಿ ಮಾಡಿ ಹಾಕುವುದಕ್ಕೂ ಇರುವ ಅಂತರ. ಅದಕ್ಕೇ ಲೀಚಿಂಗ್ ಅಂಕಿಯೊಂದನ್ನೇ ತೋರಿಸಿದರೆ ನಾನು ಒಪ್ಪುವುದಿಲ್ಲ. ಮುಳುಗಿಸಿದ ಉಂಡೆಯನ್ನು ಮುಟ್ಟಿ ನೋಡಬೇಕು.

ಎಲ್ಲರೂ ಸೀಸಿಯಂ ಹಿಂದೆಯೇ ಯಾಕೆ ಬಿದ್ದಿದ್ದಾರೆ?

ಸಿಮೆಂಟಿನಲ್ಲಿ ಅದು ನಿಲ್ಲುವುದಿಲ್ಲ. ಸುಲಭಕ್ಕೆ ಕರಗದ ಸಂಯುಕ್ತ ಆಗುವುದೇ ಇಲ್ಲ, ರಂಧ್ರದ ನೀರಿನಲ್ಲಿ ಸುಮ್ನೆ ಈಜಾಡಿಕೊಂಡಿರುತ್ತದೆ. ಸ್ಟ್ರಾನ್ಷಿಯಂ ಕ್ಯಾಲ್ಸಿಯಂನ ಬಂಧು, ಅದಕ್ಕೆ ಸಿಮೆಂಟಿನಲ್ಲಿ ಸ್ವಲ್ಪ ಜಾಗ ಸಿಗುತ್ತದೆ. ಹಾಗಾಗಿ ಸೀಸಿಯಂ ಹಿಡಿದುಕೊಳ್ಳಲು ಬೆಂಟೊನೈಟ್ ಜೇಡಿ, ಜಿಯೊಲೈಟ್, ವರ್ಮಿಕ್ಯುಲೈಟ್‌ನಂಥವನ್ನು ಸೇರಿಸುತ್ತಾರೆ. ಹಾರುಬೂದಿ ಅಥವಾ ಕಬ್ಬಿಣದ ಕುಲುಮೆಯ ಸ್ಲ್ಯಾಗ್ ಹಾಕಿದರೆ ರಂಧ್ರಗಳೇ ಸಣ್ಣದಾಗುತ್ತವೆ.

ನಮ್ಮ ಹುಡುಗರು ಸ್ವಲ್ಪ ಬೆಂಟೊನೈಟ್ ಹಾಕಿದಾಗ ಸೀಸಿಯಂ ಬರುವುದು ಎದ್ದು ಕಾಣುವಷ್ಟು ಇಳಿಯಿತು. ಆದರೆ ಜೇಡಿ ನೀರು ಜಾಸ್ತಿ ಕೇಳುತ್ತದೆ. ನೀರು ಜಾಸ್ತಿಯಾದರೆ ರಂಧ್ರ ಜಾಸ್ತಿ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಳ್ಳುವ ವ್ಯಾಪಾರ.

ಬೋರಿಕ್ ಆಮ್ಲ ಇದ್ದರೆ ಸಿಮೆಂಟ್ ಸೆಟ್ ಆಗುವುದಿಲ್ಲವಂತೆ, ಹೌದಾ?

ಹೌದು. ಬೋರೇಟ್ ಸಿಮೆಂಟಿನ ಕಣಗಳ ಸುತ್ತ ಪದರ ಕಟ್ಟಿ ಗಟ್ಟಿಯಾಗುವುದನ್ನು ತಡೆಯುತ್ತದೆ. ಕೆಲವು ಬಗೆಯ ಸ್ಥಾವರಗಳ ತ್ಯಾಜ್ಯದಲ್ಲಿ ಇದು ಜಾಸ್ತಿ. ಮೊದಲೇ ಸುಣ್ಣ ಹಾಕಿ ಹದ ಮಾಡಿಕೊಳ್ಳುತ್ತಾರೆ. ಸಲ್ಫೇಟ್ ಜಾಸ್ತಿ ಇದ್ದರೆ ಇನ್ನೊಂದು ಕಾಟ: ಗಟ್ಟಿಯಾದ ಮೇಲೆ ಒಳಗೆ ಹರಳು ಬೆಳೆದು ಸೀಳುತ್ತದೆ. ಮೇಲೆ ನಿಂತ ನೀರೂ ಉಳಿಯಬಾರದು. ಅಮೆರಿಕದ ನಿಯಮದಲ್ಲಿ ಗಟ್ಟಿ ಮಾಡಿದ ತ್ಯಾಜ್ಯದಲ್ಲಿ ಬಿಡಿ ನೀರು ಗಾತ್ರದ ಶೇ 0.5 ಮೀರುವಂತಿಲ್ಲ.

ವಿಕಿರಣವೇ ಸಿಮೆಂಟನ್ನು ಹಾಳು ಮಾಡುವುದಿಲ್ಲವಾ?

ಸಿಮೆಂಟ್ ಇದರಲ್ಲಿ ಗಟ್ಟಿಗ. ಪರೀಕ್ಷೆಯಲ್ಲಿ 10 ಲಕ್ಷ ಗ್ರೇ ಗಾಮಾ ಕಿರಣ ಕೊಡುತ್ತಾರೆ (ಗ್ರೇ ಅಂದರೆ ಹೀರಿಕೊಂಡ ವಿಕಿರಣದ ಅಳತೆ). ಮನುಷ್ಯನಿಗೆ ಇಡೀ ಮೈಗೆ ನಾಲ್ಕೈದು ಗ್ರೇ ಒಮ್ಮೆಲೇ ಬಿದ್ದರೆ ಜೀವಕ್ಕೇ ಅಪಾಯ. 10 ಲಕ್ಷ ಗ್ರೇ ಕೊಟ್ಟರೂ ಸಿಮೆಂಟಿನ ಬಲ ಸಾಮಾನ್ಯವಾಗಿ ಅಂಥಾ ಕುಸಿಯುವುದಿಲ್ಲ. ಒಳಗಿನ ನೀರು ಒಡೆದು ಹೈಡ್ರೋಜನ್ ಬರುತ್ತದೆ, ಅದರ ಲೆಕ್ಕ ಬೇರೆ ಇಡಬೇಕು.

ಬೂಷ್ಟು, ಬ್ಯಾಕ್ಟೀರಿಯಾ ಪರೀಕ್ಷೆಯೂ ಇದೆ. ಮೈನಸ್ 40ರಿಂದ 60 ಡಿಗ್ರಿವರೆಗೆ 30 ಸಲ ತಂಪು-ಬಿಸಿ ಮಾಡುವುದೂ ಇದೆ. ಹಾಸನದ ಚಳಿ ಎಷ್ಟೇ ಇರಲಿ, ಮೈನಸ್ 40 ನಮಗೆ ಸಂಬಂಧವಿಲ್ಲದ ಊರಿನ ಮಾತು.

ಮಲೆನಾಡಿನ ಮಳೆಗೆ ಯಾವ ಪರೀಕ್ಷೆ ಹೊಂದುತ್ತದೆ?

ನೆನೆಸಿ ಒಣಗಿಸುವ ಪರೀಕ್ಷೆ. ನನಗಿದು ಎಲ್ಲಕ್ಕಿಂತ ಹತ್ತಿರದ್ದು.

ಶೆಟ್ಟಿಹಳ್ಳಿಯ ಹಳೇ ಚರ್ಚು ನೋಡಿದ್ದೀರಲ್ಲ? ಫ್ರೆಂಚ್ ಪಾದ್ರಿಗಳು 1860ರ ಹೊತ್ತಿಗೆ ಕಟ್ಟಿದ ಗಾರೆ ಕಟ್ಟಡ. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು ಬಂದಾಗಿನಿಂದ ಮಳೆಗಾಲದಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ಎದ್ದು ನಿಲ್ಲುತ್ತದೆ. ಯಾರೂ ಯೋಜನೆ ಹಾಕದೆ ನಲವತ್ತು ವರ್ಷಕ್ಕೂ ಮೀರಿ ನಡೆಯುತ್ತಿರುವ ಪರೀಕ್ಷೆ ಅದು. ಹುಡುಗರನ್ನು ಅಲ್ಲಿಗೇ ಕರೆದುಕೊಂಡು ಹೋಗಿದ್ದೆ. ಸದಾ ನೀರಿನಡಿ ಇರುವ ಕಟ್ಟಡಕ್ಕಿಂತ, ನೀರು ಏರಿ ಇಳಿಯುವ ಮಟ್ಟದಲ್ಲಿರುವುದಕ್ಕೆ ಪೆಟ್ಟು ಜಾಸ್ತಿ. ಒಣಗುವಾಗ ಉಪ್ಪು ಹರಳಾಗಿ ರಂಧ್ರದೊಳಗೇ ಒತ್ತುತ್ತದೆ.

ಇನ್ನೊಂದು, ಮಳೆನೀರು ಮೆದು. ಅದರಲ್ಲಿ ಕ್ಯಾಲ್ಸಿಯಂ ಇಲ್ಲ, ಹಾಗಾಗಿ ಸಿಮೆಂಟಿನೊಳಗಿನ ಸುಣ್ಣವನ್ನು ಕರಗಿಸಿಕೊಳ್ಳುತ್ತದೆ. ಹಳೇ ಸೇತುವೆಯ ಅಡಿಯಲ್ಲಿ ಬಿಳಿ ಗೆರೆ, ಬಿಳಿ ಕೊಳವೆ ನೇತಾಡುವುದು ನೋಡಿರುತ್ತೀರಿ. ಅದೇ ಈ ಸುಣ್ಣ. ಸುಣ್ಣ ಹೋದರೆ ಕ್ಷಾರ ಇಳಿಯುತ್ತದೆ, ರಂಧ್ರ ಹಿಗ್ಗುತ್ತದೆ. ಕೈಗಾ ಇರುವುದೂ ಘಟ್ಟದ ಮಳೆಯಲ್ಲೇ. ಹಾಗಾಗಿ ಕಂದಕದ ಮುಚ್ಚಳ, ನೀರು ಬಸಿಯುವ ದಾರಿ, ಸುತ್ತಲಿನ ಬೋರ್‌ವೆಲ್ ನೀರಿನ ತಪಾಸಣೆ ಇವೆಲ್ಲ ಉಂಡೆಯಷ್ಟೇ ಮುಖ್ಯ.

ಸಣ್ಣ ಉಂಡೆ ಪಾಸಾದರೆ ಡ್ರಮ್ಮೂ ಪಾಸಾ?

ಗ್ಯಾರಂಟಿ ಇಲ್ಲ. ಸಿಮೆಂಟ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಸಣ್ಣ ಉಂಡೆಯ ಬಿಸಿ ಹೊರಟುಹೋಗುತ್ತದೆ. 200 ಲೀಟರ್ ಡ್ರಮ್ಮಿನ ನಡುವೆ ಅದು ಸಿಕ್ಕಿಕೊಂಡು, ಹೊರಗೆ ತಣ್ಣಗೆ ಒಳಗೆ ಬಿಸಿಯಾಗಿ ಬಿರುಕು ಬರಬಹುದು. ರೆಸಿನ್ ಮಣಿ ಹಗುರ, ತೆಳುವಾದ ಮಿಶ್ರಣದಲ್ಲಿ ಮೇಲೆ ತೇಲಿ ಕೂರುತ್ತದೆ. ಅದಕ್ಕೇ ಪೂರ್ತಿ ಡ್ರಮ್ ಎರಕ ಹೊಯ್ದು, ಮೇಲೆ, ನಡುವೆ, ಕೆಳಗೆ ಕೋರ್ ಕೊರೆದು ಪರೀಕ್ಷಿಸಬೇಕು.

ನಿಜವಾಗಿ ಮಣ್ಣಿನಲ್ಲಿ ಇಟ್ಟು ನೋಡಿದವರು ಇದ್ದಾರಾ?

ಇದ್ದಾರೆ. 1979ರಲ್ಲಿ ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣು ಸ್ಥಾವರದಲ್ಲಿ ಅಪಘಾತವಾಯಿತಲ್ಲ, ಅಲ್ಲಿನ ನೀರು ಶುದ್ಧ ಮಾಡಿದ ರೆಸಿನ್ನನ್ನು ಸಿಮೆಂಟಿನಲ್ಲೂ ಒಂದು ಬಗೆಯ ಪ್ಲಾಸ್ಟಿಕ್ಕಿನಲ್ಲೂ ಕಟ್ಟಿ, ಓಕ್ ರಿಜ್ ಮತ್ತು ಆರ್ಗಾನ್ ಪ್ರಯೋಗಾಲಯಗಳಲ್ಲಿ ಮಣ್ಣು ತುಂಬಿದ ತೊಟ್ಟಿಗಳಲ್ಲಿ ಹೂತರು. 1980ರ ದಶಕದ ನಡುವಿನಿಂದ ವರ್ಷಗಟ್ಟಲೆ, ಬಿದ್ದ ಮಳೆ ಮಣ್ಣಿನ ಮೂಲಕ ಇಳಿದು ಬಂದ ನೀರನ್ನು ಅಳೆದರು. ಇನ್ನೂ ಹಳೆಯ ಸಾಕ್ಷಿ ಬೇಕಾದರೆ ಜೋರ್ಡಾನಿನ ಮಕಾರಿನ್ ಇದೆ. ಅಲ್ಲಿ ಸಿಮೆಂಟಿನಂಥ ಖನಿಜಗಳು ಪ್ರಕೃತಿಯಲ್ಲೇ ಹುಟ್ಟಿವೆ, ಅವುಗಳಿಂದ ಬರುವ ನೀರೂ ಸಿಮೆಂಟಿನ ನೀರಿನಷ್ಟೇ ಕ್ಷಾರ.

ನಮ್ಮ ಕಾಲೇಜಿನಲ್ಲೂ ಮಾಡಬಹುದಾ? ಎಲ್ಲಿ ಎಡವುತ್ತೇವೆ?

ಧಾರಾಳವಾಗಿ ಮಾಡಿ. ನಾವು ಎಡವಿದ್ದು ಹೇಳಿಬಿಡುತ್ತೇನೆ. ಮೊದಲನೇ ಸಲ ನಲ್ಲಿ ನೀರು ಬಳಸಿದೆವು. ಅದರ ಗಡಸುತನಕ್ಕೆ ಉಂಡೆಯ ಮೇಲೆ ಬಿಳಿ ಪದರ ಕೂತು ಸೋರಿಕೆಯೇ ಕಮ್ಮಿ ಕಂಡಿತು. ಖುಷಿಪಟ್ಟೆವು, ಆಮೇಲೆ ನಾಚಿಕೆಪಟ್ಟೆವು. ಮಾರ್ಚ್ ಬಿಸಿಲಿಗೆ ಮುಚ್ಚಳ ಸಡಿಲವಿದ್ದ ಡಬ್ಬಿಯಲ್ಲಿ ನೀರು ಆವಿಯಾಗಿ ಅಂಕಿ ಏರಿತು. ನೀರಿನ ಸ್ಯಾಂಪಲ್ ಹೊರಗಿನ ಒಂದು ಲ್ಯಾಬಿಗೆ ಕಳಿಸಿದಾಗ ಮಿಲಿಗ್ರಾಂ ಇರಬೇಕಾದ ಕಡೆ ಮೈಕ್ರೋಗ್ರಾಂ ಎಂದು ಬರೆದು ಕಳಿಸಿದರು. ಎರಡು ವಾರ ನಮ್ಮ ಉಂಡೆ ಲೋಕದಲ್ಲೇ ಶ್ರೇಷ್ಠ ಎಂದುಕೊಂಡಿದ್ದೆವು. ಯೂನಿಟ್ ನೀವೇ ಕೇಳಿ ಖಚಿತ ಮಾಡಿಕೊಳ್ಳಿ. ಏನೂ ಬೆರೆಸದ ಖಾಲಿ ಸಿಮೆಂಟ್ ಉಂಡೆಯೊಂದನ್ನೂ ಜೊತೆಗೆ ಇಡಿ. ಒಂದೇ ಮಿಶ್ರಣದ ಮೂರು ಉಂಡೆಗಿಂತ ಕಡಿಮೆ ಬೇಡ.

ಕುಸಿದ ಆ ರೆಸಿನ್ ಉಂಡೆಯನ್ನು ಬಿಸಾಡಿಲ್ಲ. ಗಾಜಿನ ಭರಣಿಯಲ್ಲಿ ಕ್ಯೂಬ್ ಮಷಿನ್ ಪಕ್ಕದಲ್ಲೇ ಇಟ್ಟಿದ್ದೇನೆ. "ಸ್ಟ್ರೆಂತ್ ಎಷ್ಟು ಬಂತು ಸಾರ್?" ಎಂದು ಕೇಳಿಕೊಂಡು ಬರುವವರಿಗೆ ಮೊದಲು ಅದನ್ನೇ ತೋರಿಸುತ್ತೇನೆ. ನೋಡಬೇಕೆನಿಸಿದರೆ ಶನಿವಾರ ಮಧ್ಯಾಹ್ನ ಬನ್ನಿ, ಆವತ್ತು ಸೈಟಿನ ಕ್ಯೂಬು ಕಡಿಮೆ ಇರುತ್ತವೆ.